ಉತಾರದಾಗ ಗಾಳಿ

ಜತ್ತದ ತಲಾಠಿ ಮುಂದ ಭೌರವ್ವ
ಸಾತ್‌ಬಾರಾ ಉತಾರ ಹರವಿ ಬೆರಳಿಟ್ಟಳು:
ಎರಡೆಕರೆ ಐತಿ, ಬಾವಿ ಐತಿ, ಬೇವಿನ ಗಿಡ ಮೂರು.
ಗಾಳಿ ಎಲ್ಲಿ ಬರದೀರಿ, ಸಾಹೇಬ್ರ?

ಸಾಹೇಬ ನಕ್ಕ, ಮರಾಠಿಯೊಳಗ.

ಗುಡ್ಡದ ಮ್ಯಾಲ ಮೂರು ರೆಕ್ಕಿ ಪಂಖ
ಹಗಲೆಲ್ಲ ತಿರುಗಿ ಪುಣೆ ಬೆಳಗತೈತಿ.
ನಮ್ಮ ಮೋಟರಿಗಿ ಕರೆಂಟು ರಾತ್ರಿ ಎರಡಕ್ಕ,
ಚೇಳಿನ ಜೋಡಿ.

ಪಂಖ ಬ್ಯಾಡ ಅನ್ನಂಗಿಲ್ಲರಿ,
ಹೊಗಿ ಇಲ್ಲ, ಬೂದಿ ಇಲ್ಲ, ಚಲೋ ಐತಿ.
ಖರೆ, ನಾ ರಾಶಿ ತೂರುವಾಗ
ಇದ ಗಾಳಿ
ಹೊಟ್ಟಷ್ಟ ಒಯ್ತಿತ್ತು,
ಕಾಳು ನನ್ನ ಕಾಲ ಬುಡಕ ಬಿಡ್ತಿತ್ತು.
ಅದಕ್ಕ ಲೆಕ್ಕ ಗೊತ್ತಿತ್ತು.

ತಲಾಠಿ ಫ್ಯಾನಿನ ಗುಂಡಿ ಒತ್ತಿದ.
ಉತಾರ ಎದ್ದು ಹಾರಾಕ ನೋಡಿತು.
ಭೌರವ್ವ ಅಂಗೈ ಊರಿ ಹಿಡಿದಳು;
ಗಾಳಿ ಬೆರಳ ಸಂದ್ಯಾಗ ಹಾದು ಹೋತು.