ಮುಟ್ಟಿದಿರಾ

ರಾತ್ರಿ ಒಂದೂವರೆಗೆ ಫೋನು.
ನೂಬಿಯಾ ಅಳುತ್ತಿರಲಿಲ್ಲ, ಹೊತ್ತು ಹೇಳಿದಳು, ಅಷ್ಟೆ:
"ಒಂದು ಹದಿನೆಂಟಕ್ಕೆ."
ನಮಗೆ ಮೊದಲು ಬೇಕಾದ್ದು ಅದೇ ಎಂದು
ಆ ಮನೆಗೆ ಗೊತ್ತು. ಇದು ಅವರ ಮೂರನೆಯದು.

ಮಂಜುಗಡ್ಡೆ. ಸಣ್ಣ ಗರಗಸ. ಬಿಳಿ ಡಬ್ಬ. ಸಹಿಯ ಕಾಗದ.
ಎಲಿಯೆಸೆರ್ ಜೀಪು ತಿರುಗಿಸಿದ,
ಮೆಡೆಯೀನಿನ ದೀಪಗಳು ಬಾವಿಯ ತಳಕ್ಕೆ ಇಳಿದವು.
ಹೊತ್ತು ಕಳೆದಷ್ಟೂ ಮೆದುಳು
ತನ್ನ ಸಾಕ್ಷಿ ತಾನೇ ಅಳಿಸಿಕೊಳ್ಳುತ್ತದೆ,
ಹಾಗಾಗಿ ದಾರಿಯಲ್ಲಿ ಕಾಫಿಗೂ ನಿಲ್ಲಲಿಲ್ಲ.

ಮೇಲೆ ಮಂಜು.
ಅದನ್ನು ಮರೆವಿಗೆ ಹೋಲಿಸಬೇಡ ಎಂದು
ಡಾಕ್ಟರ್ ಕ್ವಿಂತೇರೊ ಒಮ್ಮೆ ನನ್ನನ್ನು ಬೈದಿದ್ದರು:
ಮಂಜು ಒಂಬತ್ತಕ್ಕೆ ಕರಗುತ್ತದೆ, ಹುಡುಗಿ.

ಯಾರುಮಾಲ್ ದಾಟಿ ಎಡಕ್ಕೆ, ಮಣ್ಣು ದಾರಿ.
ದೋನ್ಯಾ ಬೆರೆನಿಸ್ ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುತ್ತಿದ್ದವರು.
ನಲವತ್ತನಾಲ್ಕಕ್ಕೆ ಒಂದು ಅಂಗಿಗೆ ಮೂರು ತೋಳು ಇಟ್ಟರು.
ಮನೆಯವರೆಲ್ಲ ನಕ್ಕರು, ಅವರೂ ನಕ್ಕರು.
ಆ ದಿನ ನಕ್ಕವರಲ್ಲಿ ಇಬ್ಬರು
ಈಗ ನಮ್ಮ ಫ್ರೀಜರಿನಲ್ಲಿದ್ದಾರೆ.

ಆಮೇಲಿನ ವರುಷಗಳಲ್ಲಿ ಅವರಿಗೆ ಉಳಿದದ್ದು ಒಂದೇ ಪದ.
ಗಂಡ ಬಂದರೆ, ಯಾರು?
ಕೋಳಿ ಬಂದರೆ, ಯಾರು?
ಕನ್ನಡಿಯ ಮುಂದೆ ಮಾತ್ರ ಕೇಳುತ್ತಿರಲಿಲ್ಲ,
ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದರು.

ಶವಪೆಟ್ಟಿಗೆ ಮಾಡುವವನು ಹಿಂದಿನ ಕೋಣೆ ಬಿಟ್ಟುಕೊಟ್ಟ.
ಮರದ ಪುಡಿ ಗುಡಿಸಿ, ಮೇಜಿಗೆ ಹಾಳೆ ಹಾಸಿದ್ದ.
ಕೂದಲು ಮತ್ತೆ ಬಾಚಿದರೆ ಗೆರೆ ಕಾಣದ ಹಾಗೆ
ಕಿವಿಯಿಂದ ಕಿವಿಗೆ ಕೊಯ್ಯಲು ಕಲಿತಿದ್ದೇನೆ,
ಬೆಳಿಗ್ಗೆ ಊರೆಲ್ಲ ಮುಖ ನೋಡಲು ಬರುತ್ತದಲ್ಲ.

ಎಂಟುನೂರ ಎಪ್ಪತ್ತು ಗ್ರಾಂ.
ಮಡಿಕೆಗಳು ಸೊರಗಿ, ನಡುವೆ ಬೆರಳು ಹೋಗುವಷ್ಟು ಸಂದು.
ಉಳಿದದ್ದು ಎಲ್ಲಿ ಹೋಯಿತೆಂದು ತಕ್ಕಡಿ ಹೇಳುವುದಿಲ್ಲ.

ತಲೆಮಾರು ಎಂಬ ಮಾತಿನೊಳಗೆ ತಲೆ ಇದೆ,
ಆ ಮನೆಯಲ್ಲಿ ಅದು ಬರಿಯ ಮಾತಲ್ಲ.
ರಕ್ತದ ದೊಡ್ಡ ಗ್ರಂಥದಲ್ಲಿ ಎಲ್ಲೋ ಒಂದೇ ಒಂದು ಅಕ್ಷರ ತಪ್ಪು,
ಮುತ್ತಜ್ಜನಿಂದ ಇಲ್ಲಿವರೆಗೆ ಅದನ್ನೇ ನಕಲು ಮಾಡಿದ್ದಾರೆ,
ಅರ್ಧ ಮಕ್ಕಳಿಗೆ.

ಸಹಿ ಹಾಕುವಾಗ ಮುದುಕಿ ಅತ್ತೆ ಹೇಳಿದರು:
"ಇಷ್ಟು ಕಾಲ ಎಲ್ಲರನ್ನೂ ಮಣ್ಣಿಗೇ ಕೊಟ್ಟೆವು.
ಮಣ್ಣು ನಮಗೆ ಏನೂ ಹೇಳಲಿಲ್ಲ.
ನೀವಾದರೂ ಹೇಳಿ."
ನಾನು ಪೆನ್ನಿನ ಮುಚ್ಚಳ ಹುಡುಕಿದೆ.

ನೂಬಿಯಾಗೆ ಮೂವತ್ತೆಂಟು.
ಆ ಅಕ್ಷರ ತನ್ನಲ್ಲಿ ಇದೆಯೋ ಇಲ್ಲವೋ, ಅವಳು ಕೇಳಿಲ್ಲ.
ತಿಂಗಳಿಗೊಮ್ಮೆ ಬಸ್ಸು ಹತ್ತಿ ನಮ್ಮಲ್ಲಿಗೆ ಬರುತ್ತಾಳೆ,
ತೋಳಿಗೆ ಸೂಜಿ, ಒಂದು ಗಂಟೆ ತೊಟ್ಟು ತೊಟ್ಟು.
ಔಷಧವೋ, ಬರಿಯ ಉಪ್ಪುನೀರೋ
ಅವಳಿಗೂ ಗೊತ್ತಿಲ್ಲ, ನನಗೂ, ಡಾಕ್ಟರಿಗೂ.
ಗೊತ್ತಿರುವುದು ದೂರದ ಒಂದು ಕಂಪ್ಯೂಟರಿಗೆ,
ಅದಕ್ಕೆ ಅವಳ ಹೆಸರು ಗೊತ್ತಿಲ್ಲ.

ಜೀಪಿನವರೆಗೆ ಡಬ್ಬ ತಾನೇ ಹೊತ್ತಳು.
ಹಿಂದಿನ ಸೀಟಿನಲ್ಲಿಟ್ಟು, ಬೆಲ್ಟು ಎಳೆದು ಹಾಕಿದಳು.
ಎಲಿಯೆಸೆರ್ ಆಚೆ ನೋಡಿದ.
ಆ ದಿನ ತಿರುವುಗಳಲ್ಲಿ ಅವನು ಹಾರ್ನೂ ಮಾಡಲಿಲ್ಲ.

ಎಡ ಅರ್ಧ ಫಾರ್ಮಲಿನ್‌ಗೆ.
ಬಲ ಅರ್ಧ ಹೋಳು ಹೋಳಾಗಿ ಮೈನಸ್ ಎಂಬತ್ತಕ್ಕೆ.
ಚೀಟಿಯಲ್ಲಿ ಹೆಸರಿಲ್ಲ, ನಾಲ್ಕು ಅಂಕಿ.
ಎಂಟು ಐವತ್ತು. ಕೈಗವಸು ಇನ್ನೂ ತೆಗೆದಿರಲಿಲ್ಲ, ಫೋನು.

"ಮುಟ್ಟಿದಿರಾ?"

ಆ ಮನೆಯ ರೂಢಿ ಅದು:
ಹೊಸ್ತಿಲು ದಾಟಿದವರು ಹೋದಲ್ಲಿಂದ ತಿಳಿಸಬೇಕು,
ಇಲ್ಲದಿದ್ದರೆ ಬೆರೆನಿಸ್ ಹೊಲಿಗೆ ಯಂತ್ರಕ್ಕೆ ಕೂರುತ್ತಿರಲಿಲ್ಲವಂತೆ.

ಮುಟ್ಟಿದೆವು, ಅಂದೆ.
"ಅಮ್ಮ?"
ಕೈ ನೋಡಿಕೊಂಡೆ.
ಮುಟ್ಟಿದರು.

ಆ ಕಡೆ ಯಾರೋ ಕುರ್ಚಿ ಎಳೆದ ಸದ್ದು,
ಕಾಫಿ ಬೇಕೇ ಎಂದು ಯಾರನ್ನೋ ಕೇಳಿದಳು,
ಮತ್ತೆ ನನ್ನ ಕಡೆಗೆ ಬಂದು:
"ಬರುವ ಮಂಗಳವಾರ ನನ್ನದು ಹನ್ನೊಂದಕ್ಕಲ್ಲವೆ?"

ಹತ್ತೂವರೆಗೆ, ಅಂದೆ.
ತಿಂಡಿ ತಿಂದೇ ಬನ್ನಿ.