ಪೊಸಡಿಗುಂಪೆ ಇಳಿಯುತ್ತ

ಗುಂಪೆಯ ತುದಿಯಲ್ಲಿ ತೆಗೆದದ್ದು ಹದಿನೇಳು ಚಿತ್ರ.
ಹದಿನಾರರಲ್ಲಿ ಬರೀ ಮಂಜು. ಒಂದರಲ್ಲಿ ಮಾತ್ರ
ಕಡಲು, ಪೆನ್ಸಿಲಲ್ಲಿ ಗೆರೆ ಎಳೆದಷ್ಟು.
ಅದಕ್ಕೂ ಅಡ್ಡ ಮೂರು ಕರೆಂಟಿನ ತಂತಿ.

ರಮ್ಲತ್ ಎರಡನೇ ಗೇರಿನಲ್ಲಿ ಕಾರು ಇಳಿಸುತ್ತಿದ್ದಳು.
ಪಕ್ಕದಲ್ಲಿ ನಾನು ಮೊಬೈಲು ಹಿಡಿದು
ಹುಲ್ಲಿಗಿಷ್ಟು ಹಸಿರು ಕೊಟ್ಟೆ,
ಮುರಕಲ್ಲ ಕೋರೆಯ ಕೆಂಪು ಕಣ್ಣಿಗೆ ಹೊಡೆಯಿತು, ತಗ್ಗಿಸಿದೆ,
ಬೆರಳ ತುದಿಯಲ್ಲಿ ಒಂದೊಂದೇ ತಂತಿ
ಒರೆಸಿದೆ.

ಕೂತೇ ಇದ್ದವು ಎರಡು ಕಳ್ಳಿಪೀರ
ಏನೂ ಇಲ್ಲದ ಆಕಾಶದಲ್ಲಿ,
ಒಂದು ಆಚೆಗೆ ಒಂದು ಈಚೆಗೆ ನೋಡುತ್ತ,
ಕುರ್ಚಿ ಎಳೆದುಕೊಂಡದ್ದು ಗೊತ್ತಾಗದವರ ಹಾಗೆ.

"ಅವನ್ನೂ ತೆಗಿ" ಎಂದಳು ರಮ್ಲತ್
ತಿರುವಿನಲ್ಲಿ ಹಾರ್ನು ಒತ್ತುತ್ತ.
ಬೆರಳು ಇಟ್ಟೆ.
ಪರದೆ ಕಪ್ಪಾಯಿತು. ಚಾರ್ಜು ಮುಗಿದಿತ್ತು.

ಧರ್ಮತ್ತಡ್ಕದಲ್ಲಿ ಐತ್ತಪ್ಪಣ್ಣನ ಹೋಟೆಲು.
ಗೋಳಿಬಜೆ ಆಗಷ್ಟೇ ಬಾಣಲೆಗೆ ಬಿದ್ದಿತ್ತು.
ಚಾರ್ಜರು ಸಿಕ್ಕಿಸಿದೆ.
"ನಿಮ್ಮ ಅದೃಷ್ಟ ಮಾರಾಯ್ರೆ, ಕರೆಂಟು ಈಗ ಬಂದದ್ದು,
ಬೆಳಗ್ಗಿಂದ ಲೈನು ಬಿದ್ದಿತ್ತು ಅಲ್ಲಿ"
ಎಂದು ಎಣ್ಣೆ ಸೋರುವ ಸಟ್ಟುಗದಲ್ಲೇ
ಗುಡ್ಡದ ಕಡೆ ತೋರಿಸಿದ.

ತಂತಿ ಕಂಡಿತು, ಮೂರೂ.
ಹಕ್ಕಿ ಇದ್ದವೋ ಏನೋ,
ಇಷ್ಟು ದೂರಕ್ಕೆ ತಿಳಿಯಲಿಲ್ಲ.