ಸಾಲಾವಳಿ

ಮುನಾವರ್ ಮೊದಲೇ ಹೇಳಿದ್ದ:
ಪ್ರೊಸೆಸರ್ ಅಗ್ಗದ್ದೇ, ಆದರೆ ಬೀಗ ಹಾಕಿಲ್ಲ ಇದಕ್ಕೆ,
ತಾಳಿದಷ್ಟು ಏರಿಸಿಕೊಳ್ಳಿ.
ರ‍್ಯಾಮ್ ಮಾತ್ರ ನೋಡಿ ತಗೊಳ್ಳಿ ಮೇಡಂ,
ಹದಿನಾರರದು ಒಂಟಿ ಬೇಡ,
ಎಂಟೆಂಟರ ಜೋಡಿ ಇರಲಿ, ಒಂದೇ ಡಬ್ಬಿಯದು.

ಕೇಳಲಿಲ್ಲ ನಾನು.
ಅಶೋಕ ರಸ್ತೆಯಿಂದ ಹೊಸದೊಂದು ಮಂಡ್ಯಕ್ಕೆ ತಂದು
ಹಳೇ ಮಿಷಿನ್ನಿನಲ್ಲಿದ್ದ ಇನ್ನೊಂದನ್ನು
ಪಕ್ಕದಲ್ಲಿ ಕೂರಿಸಿದೆ.
ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು.
ಮೂರು ಸಲ ಬೀಪ್ ಅಂದು
ಕಪ್ಪು ಪರದೆ ನನ್ನ ಮುಖವನ್ನೇ ತೋರಿಸಿತು.

ಮತ್ತೆ ಬಸ್ಸು. ಮತ್ತೆ ಮುನಾವರ್.
ಬೋರ್ಡಿನ ಕಂಪನಿಯವರದೇ ಒಂದು ಪಂಚಾಂಗವಿದೆಯಂತೆ:
ಯಾವುದಕ್ಕೆ ಯಾವುದು, ಎಷ್ಟು ವೇಗ, ಎಷ್ಟು ವೋಲ್ಟು.
ಬೆರಳಿಟ್ಟು ಸಾಲು ಸಾಲು ಇಳಿದು ಒಂದು ಕಡೆ ನಿಂತ.
‘ಇದು ಕೂಡುತ್ತೆ.’
ಕೆರಗೋಡಿನ ಜೋಯಿಸರ ಬೆರಳೂ ಹೀಗೇ ನಿಂತಿತ್ತು,
ಮೂವತ್ತಾರಕ್ಕೆ ಇಪ್ಪತ್ತೊಂಬತ್ತು ಕೂಡಿದೆ ಅಂದಿದ್ದರು.
ಹದಿನಾಲ್ಕು ತಿಂಗಳು ಓಡಿತು.
ಆಮೇಲಿಂದ ನಾನು ಕಂಡವರ ಮದುವೆ ಜೋಡಿಸುತ್ತೇನೆ
ಹನ್ನೆರಡು-ಮೂವತ್ತಾರು ಇಂಚಿನ ಆಲ್ಬಮ್ ಹಾಳೆಗಳಲ್ಲಿ,
ವಿಡಿಯೋಗೆ ಬೇರೆ ರೇಟು.

ರಾತ್ರಿ ಹನ್ನೊಂದರ ಮೇಲೆ
ಗುತ್ತಲು ರಸ್ತೆಯ ವೆಲ್ಡಿಂಗ್ ಅಂಗಡಿ ಮಲಗಿದರೆ
ಕರೆಂಟಿಗೂ ನೆಮ್ಮದಿ, ನಡುಗುವುದಿಲ್ಲ.
ಯತೀಶ ಪೇಂಟ್ ಬ್ರಷ್ಷಿನಲ್ಲಿ
ಫ್ಯಾನಿನ ರೆಕ್ಕೆಯ ಫ್ಯಾಕ್ಟರಿ ಬೂದಿ ಕೊಡವಿದ.
ಕಬ್ಬು ಅರೆಯುವಷ್ಟು ದಿನ ಈ ಊರಲ್ಲಿ
ಒಣಹಾಕಿದ ಬಿಳಿ ಪಂಚೆಗೂ ಕಂಪ್ಯೂಟರಿಗೂ ಒಂದೇ ಪಾಡು.
‘ಪೇಸ್ಟ್ ಎಷ್ಟ್ ಹಾಕ್ಲಕ್ಕ?’
ತೊಗರಿಕಾಳಿನಷ್ಟು. ಅವರೆಕಾಳಲ್ಲ.

ಮೂವತ್ತಾರು. ಓಡಿತು.
ಮೂವತ್ತೆಂಟು. ಓಡಿತು, ಎಪ್ಪತ್ತಾರು ಡಿಗ್ರಿ.
ಮೂವತ್ತೊಂಬತ್ತಕ್ಕೆ ವೋಲ್ಟು ಒಂದು ಚಿಟಿಕೆ.
ನಲವತ್ತು.
ಧಾರೆಯ ಹೊತ್ತಿನಲ್ಲೇ ಚಿತ್ರ ನಿಂತುಬಿಟ್ಟಿತು:
ಗಿಂಡಿಯಿಂದ ಹೊರಟ ನೀರು
ಇನ್ನೂ ಕೈ ಮುಟ್ಟಿರಲಿಲ್ಲ.

‘ಇನ್ನೊಂಚೂರ್ ವೋಲ್ಟ್ ಕೊಡಾಣಕ್ಕ.’
‘ಬ್ಯಾಡ ಕಣ್ಲಾ, ಪಾಕ ಮೀರುದ್ರೆ ಅಚ್ಚಲ್ ಕೂರಲ್ಲ.’
ಅಂದೆ. ಅಂದವಳೇ ಕೊಟ್ಟೆ.

ತೊಂಬತ್ತನಾಲ್ಕು.
ಫ್ಯಾನು ಎಣ್ಣೆ ಕಾಣದ ಗಾಣದ ಹಾಗೆ ಕಿರುಚಿತು,
ಆಮೇಲೆ ಅದೂ ಇಲ್ಲ.
ಎಲ್ಲೋ ಟ್ರಾಕ್ಟರಿನಿಂದ ಕಬ್ಬಿನ ಜಲ್ಲೆ ಜಾರಿ
ಡಾಂಬರಿಗೆ ಬಿದ್ದದ್ದು ಕೇಳಿಸಿತು, ಅಷ್ಟು ಮೌನ.

ನಾಣ್ಯದಂಥ ಬ್ಯಾಟರಿಯನ್ನು ಉಗುರಲ್ಲಿ ಎಬ್ಬಿಸಿ
ಮೂವತ್ತು ಎಣಿಸೋ ಅಂದೆ.
ನಿದ್ದೆಗಣ್ಣಲ್ಲಿ ಅವನಿಗೆ
ಇಪ್ಪತ್ತೇಳಾದ ಮೇಲೆ ಇಪ್ಪತ್ತಾರು ಬಂತು.
ಇರಲಿ, ನಾಕು ಜಾಸ್ತಿಯೇ ಆಗಲಿ.

ಎದ್ದಿತು. ಕಲಿಸಿದ್ದೆಲ್ಲ ಮರೆತು ಎದ್ದಿತು.
ಮತ್ತೆ ಮೊದಲಿಂದ, ಮೆಲ್ಲಗೆ, ಮೂವತ್ತೆಂಟರ ತನಕ.
ರ‍್ಯಾಮನ್ನೂ ಡಬ್ಬಿಯ ಮೇಲಿನ ಅಂಕಿಗಿಂತ
ಒಂದು ಮೆಟ್ಟಿಲು ಕೆಳಗೇ ಇಟ್ಟೆ.
ಒಂದೇ ಕೊಪ್ಪರಿಗೆಯ ಬೆಲ್ಲದಲ್ಲೂ
ಒಂದಚ್ಚು ಕಲ್ಲು, ಒಂದಚ್ಚು ಜಿನುಗು.
ಇನ್ಯಾರದೋ ಚಿಪ್ಪು ನಲವತ್ತೊಂದರಲ್ಲೂ ನಗುತ್ತಿರಬಹುದು,
ಅದು ಅವರ ಮನೆಯದು.

ನೀರು ಕೈಗೆ ಬಿತ್ತು. ಆರತಿಯಾಯಿತು. ಊಟದ ಸಾಲು,
ಮೈಸೂರುಪಾಕು ಬೇಡವೆನ್ನುವ ಕೈಗಳು,
ಕಣ್ಣೊರೆಸುವ ಸೋದರತ್ತೆ, ಒಂದೂ ನಿಲ್ಲಲಿಲ್ಲ.
ನಾಲ್ಕೂ ಹತ್ತಕ್ಕೆ ವಿಡಿಯೋ ಮುಗಿಯಿತು.

ತಾರೀಖು ನೋಡಿದೆ.
ಜನವರಿ ಒಂದು, ಬೋರ್ಡು ಹುಟ್ಟಿದ ವರ್ಷದ್ದು.
ನೆಟ್ ಇರಲಿಲ್ಲ, ಗಡಿಯಾರಕ್ಕೆ ಹೇಳುವವರಿಲ್ಲ.
ಆ ಲೆಕ್ಕದಲ್ಲಿ ಈ ಮದುಮಗಳು
ಇನ್ನೂ ಹತ್ತನೇ ಕ್ಲಾಸು,
ಎರಡು ಜಡೆ ಮಡಚಿ ಕೆಂಪು ರಿಬ್ಬನ್ ಕಟ್ಟಿ
ಬಸ್ಸಿಗೆ ಓಡುತ್ತಿದ್ದಾಳೆ.
ನನ್ನ ಜಾತಕ ಇನ್ನೂ
ಅಮ್ಮನ ಟ್ರಂಕಿನಲ್ಲಿ, ಅರಿಶಿನದ ಬಟ್ಟೆಯೊಳಗೆ.

ಯತೀಶ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದ.
ಫ್ಯಾನು ತಿರುಗುತ್ತಿತ್ತು.
ಎರಡು ನಿಮಿಷ ಹಾಗೇ ಬಿಟ್ಟೆ.

ಆಮೇಲೆ ತಾರೀಖು ತಿದ್ದಿದೆ.